ಅಪ್ಪ, ಮಗ ಕೂತು ಮಾಡಿದ ಗಿಟಾರ್

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ 1975ರ ಆಲ್ಬಮ್ 'ಎ ನೈಟ್ ಅಟ್ ದಿ ಒಪೇರಾ' ಪೂರ್ತಿ ಕೇಳಿದೆ. ಅದರಲ್ಲಿ 'ಗುಡ್ ಕಂಪನಿ' ಅಂತ ಒಂದು ಹಾಡಿದೆ. ಹಳೇ ಕಾಲದ ಜಾಝ್ ಬ್ಯಾಂಡೇ ಬಂದು ಕೂತ ಹಾಗೆ ಟ್ರಂಪೆಟ್, ಕ್ಲಾರಿನೆಟ್ ಎಲ್ಲಾ ಕೇಳಿಸುತ್ತವೆ. ಆದರೆ ಅಲ್ಲಿ ಊದುವ ವಾದ್ಯ ಒಂದೂ ಇಲ್ಲ! ಅಷ್ಟೂ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ಅವರ ಗಿಟಾರ್. ಒಂದೊಂದು ಸಾಲನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಸೇರಿಸಿದ್ದು.

ಆ ಗಿಟಾರ್ ಅಂಗಡಿಯದ್ದಲ್ಲ. 1963ರಲ್ಲಿ ಹದಿಹರೆಯದ ಬ್ರಿಯಾನ್ ಮತ್ತು ಅವರ ಅಪ್ಪ ಮನೆಯಲ್ಲೇ ಮಾಡಲು ಶುರು ಮಾಡಿದರು. ಸುಮಾರು ಎರಡು ವರ್ಷ ಹಿಡಿಯಿತು. ಕುತ್ತಿಗೆಗೆ ಹಳೇ ಬೆಂಕಿಗೂಡಿನ ಮರ. ಸ್ವರವನ್ನು ಬಾಗಿಸಿ ಅಲುಗಿಸುವ ಟ್ರೆಮೊಲೊ ಸನ್ನೆಗೆ ಮೋಟಾರ್‌ಬೈಕಿನ ವಾಲ್ವ್ ಸ್ಪ್ರಿಂಗ್. ಬೆರಳಿಡುವ ಪಟ್ಟಿ, ಅಂದರೆ ಫ್ರೆಟ್‌ಬೋರ್ಡಿನ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬದ ಗುಂಡಿಗಳು. ಆ ಗುಂಡಿಗಳ ವಿಷಯ ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನುಡಿಸಲು ತಂತಿ ಮೀಟುವ ಪ್ಲೆಕ್ಟ್ರಮ್ ಬಿಲ್ಲೆಯ ಬದಲು ಆರು ಪೆನ್ನಿಯ ನಾಣ್ಯ. ದೊಡ್ಡ ಸದ್ದಿಗೆ ತಾರ ಸ್ವರಗಳನ್ನು ಎತ್ತಿಕೊಡುವ ಟ್ರೆಬಲ್ ಬೂಸ್ಟರ್, ವಾಕ್ಸ್ ಎಸಿ30 ಅನ್ನುವ ಆಂಪ್ (ಆಂಪ್ಲಿಫೈಯರ್). ಆದರೆ ಆ ಜಾಝ್ ಬ್ಯಾಂಡಿನ ಗುಟ್ಟು ಇನ್ನೊಂದು ಪುಟ್ಟ ಆಂಪ್‌ನಲ್ಲಿದೆ. ತಂಡದ ಬೇಸ್ ವಾದಕ ಜಾನ್ ಡೀಕನ್, ಯಾರೋ ಕಸಕ್ಕೆ ಎಸೆದಿದ್ದ ಸರ್ಕ್ಯೂಟ್ ಬೋರ್ಡ್ ಎತ್ತಿಕೊಂಡು ಬಂದು ಮಾಡಿದ್ದು. ಒಂದು ಸ್ಪೀಕರ್ ಪೆಟ್ಟಿಗೆ, 9 ವೋಲ್ಟ್ ಬ್ಯಾಟರಿ, ಅಷ್ಟೇ. ವಾಲ್ಯೂಮ್ ತಿರುಗಿಸುವ ಗುಂಡಿಯೂ ಇಲ್ಲ.

ನನ್ನ ಅಪ್ಪನ ಹತ್ತಿರವೂ ಮೊಳೆ, ತಂತಿ, ಸ್ಪ್ರಿಂಗ್ ತುಂಬಿದ ಒಂದು ತಗಡಿನ ಡಬ್ಬ ಇದೆ. ಬೆಳಗ್ಗೆ ಎದ್ದವನೇ ಅದನ್ನು ಅಟ್ಟದಿಂದ ಇಳಿಸಿದೆ.