ಆ ಗುಳ್ಳೆಗೆ ಎಂತದೂ ಹಚ್ಚಬೇಡಿ

ಮಗಳಿಗೆ ಆಗ 35 ದಿನ. ಮೀಯಿಸಲು ಬರುವ ಅಕ್ಕ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು. ತಟ್ಟನೆ ಕೈ ನಿಲ್ಲಿಸಿ, "ಇದೆಂತ ಮಗುವಿನ ತೋಳಲ್ಲಿ?" ಎಂದರು. ಎಡತೋಳಿನ ಮೇಲೆ ಉದ್ದಿನ ಕಾಳಿನಷ್ಟು ಕೆಂಪು ಗುಳ್ಳೆ. ಮರುದಿನ ಅದರ ತುದಿ ಬೆಳ್ಳಗಾಯಿತು. ಮೂರನೇ ದಿನ ಕೀವು ಕಂಡಿತು.

ನನಗೆ ಕೈಕಾಲೇ ಆಡಲಿಲ್ಲ. ಗಂಡ ದುಬೈಯಲ್ಲಿ. ವಿಡಿಯೊ ಕಾಲ್‌ನಲ್ಲಿ ಗುಳ್ಳೆ ತೋರಿಸಿದರೆ ಅವರು ನನಗಿಂತ ಜಾಸ್ತಿ ಹೆದರಿದರು. ಅಮ್ಮ ಅರಿಶಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿದರು. ಮಳೆಗಾಲದ ನೀರು ಆಗಲಿಲ್ಲವೇನೋ ಎಂದು ಅಕ್ಕ ಹೇಳಿದರು. ಆ ಮೂರು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನಿಂದ ಏನೋ ತಪ್ಪಾಗಿದೆ ಅಂತಲೇ ಅನ್ನಿಸುತ್ತಿತ್ತು.

ಅದಕ್ಕೇ ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನವನ್ನು ನಾನು ಕಾಯುತ್ತಿದ್ದೆ. ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಅಮ್ಮನ ಮನೆ ಉಡುಪಿಯ ಸಂತೆಕಟ್ಟೆ ಕಡೆ. ಆಟಿಯ ಮಳೆ ಧೋ ಎಂದು ಸುರಿಯುತ್ತಿತ್ತು. ರಿಕ್ಷಾದ ಎರಡೂ ಬದಿಗೆ ಪರದೆ ಇಳಿಸಿ, ಮಗುವನ್ನು ಅಮ್ಮನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು ಹೊರಟೆವು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅಮ್ಮ ಸೆರಗಿನಡಿ ಹಿಡಿದುಕೊಂಡಿದ್ದರು.

ಆರೋಗ್ಯ ಕೇಂದ್ರದ ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ. ಬೆಂಚಿನಲ್ಲಿ ಆರೇಳು ತಾಯಂದಿರು. ಒಂದು ಮಗು ಅಳಲು ಶುರು ಮಾಡಿದರೆ ಉಳಿದವೂ ಅಳುತ್ತಿದ್ದವು. ಮೊದಲು ತೂಕ. ಹುಟ್ಟುವಾಗ 2 ಕಿಲೋ 900 ಗ್ರಾಂ ಇದ್ದವಳು ಈಗ 4 ಕಿಲೋ 300. ಆಶಾ ಅಕ್ಕ "ಒಳ್ಳೆ ಏರಿದೆ" ಎಂದಾಗ ಕಣ್ಣಲ್ಲಿ ನೀರು ಬಂತು. ನನ್ನ ಹಾಲು ಸಾಲುತ್ತಿಲ್ಲ ಎಂಬ ಮಾತು ಮನೆಗೆ ಬಂದವರಿಂದ ಎಷ್ಟು ಸಲ ಕೇಳಿದ್ದೆನೋ.

ಸಿಸ್ಟರ್ ಕಾರ್ಡ್ ತೆಗೆದುಕೊಳ್ಳುವ ಮೊದಲೇ ನಾನು ಅಂಗಿ ಸರಿಸಿ ಗುಳ್ಳೆ ತೋರಿಸಿದೆ. ಅವರು ನಕ್ಕರು. "ಇದಾ? ಇದು ಬಿಸಿಜಿ ಹಾಕಿದ ಜಾಗ. ಹುಟ್ಟಿದಾಗ ಕ್ಷಯಕ್ಕೆ ಅಂತ ಎಡತೋಳಿಗೆ ಕೊಡ್ತಾರಲ್ವಾ? ಎರಡರಿಂದ ಆರು ವಾರದ ಒಳಗೆ ಹೀಗೆ ಗುಳ್ಳೆ ಬರುವುದುಂಟು. ಕೀವಾಗ್ತದೆ, ಒಡೀತದೆ, ಒಣಗ್ತದೆ, ಕಲೆ ಉಳೀತದೆ. ನಿಮ್ಮ ತೋಳಲ್ಲೂ ಇರಬೇಕು ನೋಡಿ."

ನೋಡಿದೆ. ಇತ್ತು. ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದೇನೆ, ಹೇಗೆ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ.

"ಆ ಗುಳ್ಳೆಗೆ ಎಂತದೂ ಹಚ್ಚಬೇಡಿ. ಅರಿಶಿನವೂ ಬೇಡ, ಮುಲಾಮೂ ಬೇಡ. ಹಿಸುಕಬೇಡಿ. ಹಾಗೇ ಬಿಡಿ" ಎಂದರು. ಅಮ್ಮ ಏನೂ ಮಾತಾಡದೆ ತಲೆಯಾಡಿಸಿದರು.

ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ದಿನ ನಮಗೆ ಬಿಲ್ಲಿನ ಲೆಕ್ಕ ಹೇಳಿದ್ದರು, ಮಾತ್ರೆಯ ಲೆಕ್ಕ ಹೇಳಿದ್ದರು, ಮತ್ತೆ ಬರಬೇಕಾದ ತಾರೀಖು ಹೇಳಿದ್ದರು. ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು. ಈಗಲೂ ನನಗೆ ಅದರ ಬೇಸರ ಹೋಗಿಲ್ಲ. ಚೊಚ್ಚಲ ಬಾಣಂತಿಗೆ ಯಾವುದು ಸಹಜ, ಯಾವುದು ಅಪಾಯ ಎಂದು ಗೊತ್ತಿರುವುದಿಲ್ಲ. ಅವಳಿಗೆ ಮೊದಲೇ ಹೇಳಿಡಬೇಕು.

ಈ ಸಿಸ್ಟರ್ ಎಲ್ಲವನ್ನೂ ಹೇಳಿಯೇ ಮಾಡಿದರು. ಮೊದಲು ಬಾಯಿಗೆ ಪೋಲಿಯೊ ಹನಿ, ಆಮೇಲೆ ಭೇದಿಗೆ ಕಾರಣವಾಗುವ ರೋಟಾ ವೈರಸ್‌ನದ್ದು. ನಂತರ ಮೂರು ಸೂಜಿ. ಬಲತೋಳಿಗೆ ಪೋಲಿಯೊದ್ದೇ ಇನ್ನೊಂದು ಲಸಿಕೆ, ಚರ್ಮದ ಪದರದೊಳಗೇ ಸ್ವಲ್ಪವೇ ಸ್ವಲ್ಪ. ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ. ಎಡತೊಡೆಗೆ ಪೆಂಟಾ. "ಇದೊಂದರಲ್ಲಿ ಐದು ಉಂಟು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮತ್ತೆ ಹಿಬ್ ಅಂತ ಒಂದು" ಎಂದು ಬೆರಳು ಮಡಚಿದರು. ನಾಯಿಕೆಮ್ಮು ಎಂದ ಕೂಡಲೇ ಅಮ್ಮ ಮುಖ ಎತ್ತಿದರು. ಅಮ್ಮನ ತಮ್ಮನೊಬ್ಬ ಎಂಟು ತಿಂಗಳ ಮಗುವಾಗಿದ್ದಾಗ ಅದರಲ್ಲೇ ಹೋದದ್ದು. ಅಮ್ಮ ಅದನ್ನು ಮಾತಾಡುವುದು ತೀರಾ ಕಡಿಮೆ. ಅಲ್ಲಿಯೂ ಮಾತಾಡಲಿಲ್ಲ. ಮಗುವಿನ ಪಾದ ಹಿಡಿದುಕೊಂಡು ನಿಂತರು.

ಮೊದಲ ಸೂಜಿಗೆ ಮಗಳು ಒಂದು ಕ್ಷಣ ಸುಮ್ಮನಿದ್ದಳು. ಬಾಯಿ ತೆರೆದಿದೆ, ಸ್ವರ ಇಲ್ಲ, ಮುಖ ಕೆಂಪಾಗಿದೆ. ಆಮೇಲೆ ಬಂತು ಅಳು. ಅವಳಿಂದ ಅಂಥ ಅಳು ನಾನು ಅದುವರೆಗೆ ಕೇಳಿರಲಿಲ್ಲ. ಮೂರನೆಯದು ಮುಗಿದದ್ದೇ ಎದೆಗೆ ಹಾಕಿಕೊಂಡೆ. ಬಿಕ್ಕುತ್ತಲೇ ಹಾಲು ಕುಡಿದಳು.

ಅರ್ಧ ಗಂಟೆ ಅಲ್ಲೇ ಕೂರಬೇಕು ಎಂದರು. ಏನಾದರೂ ಅಲರ್ಜಿ ಆದರೆ ಕಣ್ಣೆದುರೇ ಇರಲಿ ಎಂದು. ಪಕ್ಕದಲ್ಲಿ ಕೂತಿದ್ದವರೊಬ್ಬರು, "ನಮ್ಮಲ್ಲಿ ಪೋಲಿಯೊ ಹೋಗಿದೆ ಅಂತಾರೆ. ಮತ್ತೆ ಯಾಕೆ ಸಿಸ್ಟರ್ ಈ ಹನಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನನಗೂ ಅದೇ ಇತ್ತು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೊ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿದ್ದು 2014ರಲ್ಲಿ. "ಆದ್ರೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಇನ್ನೂ ಹೋಗಿಲ್ಲ. ಜನ ಓಡಾಡ್ತಾರಲ್ಲ, ರೋಗವೂ ಅವರೊಟ್ಟಿಗೆ ಬರಬಹುದು. ನಾವು ನಿಲ್ಲಿಸಿದ್ರೆ ನಮ್ಮ ಮಕ್ಕಳಿಗೇ ಕಷ್ಟ" ಎಂದರು ಸಿಸ್ಟರ್.

ಹೊರಡುವಾಗ ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದರು. ಇನ್ನು ನಾಲ್ಕು ವಾರಕ್ಕೆ ಎರಡನೆಯದು, ಅದಾಗಿ ಮತ್ತೆ ನಾಲ್ಕು ವಾರಕ್ಕೆ ಮೂರನೆಯದು. ರಾತ್ರಿ ಜ್ವರ ಬರಬಹುದು ಎಂದು ಪ್ಯಾರಾಸಿಟಮಾಲ್ ಹನಿ ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿ ಬರೆದುಕೊಟ್ಟರು. ಸೂಜಿ ಹಾಕಿದ ತೊಡೆ ಊದಿದರೆ ತಣ್ಣೀರಿನ ಬಟ್ಟೆ. ಎಣ್ಣೆ ಹಾಕಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. "ಮೀಯಿಸುವವರಿಗೆ ನೆನಪು ಮಾಡಿ ಹೇಳಿ" ಎಂದು ಅಮ್ಮನನ್ನು ನೋಡಿ ಹೇಳಿದರು.

ಹೇಳಿದ ಹಾಗೆಯೇ ರಾತ್ರಿ ಒಂಬತ್ತರ ಹೊತ್ತಿಗೆ ಮೈ ಸುಟ್ಟಿತು. ಕರೆಂಟ್ ಬೇರೆ ಇಲ್ಲ. ನಾನೂ ಅಮ್ಮನೂ ಸರದಿಯಲ್ಲಿ ಎತ್ತಿಕೊಂಡು ಜಗಲಿಯಲ್ಲಿ ಓಡಾಡಿದೆವು. ಎಡತೊಡೆ ಮುಟ್ಟಿದರೆ ಸಾಕು ಚೀರುತ್ತಿದ್ದಳು. ಆದರೆ ಗುಳ್ಳೆಯ ಆ ಮೂರು ರಾತ್ರಿಗಳ ಹಾಗೆ ನಾನು ಹೆದರಲಿಲ್ಲ. ಜ್ವರ ಬರುತ್ತದೆ ಎಂದು ಗೊತ್ತಿತ್ತು, ಏನು ಮಾಡಬೇಕೆಂದೂ ಗೊತ್ತಿತ್ತು. ಹನಿ ಕೊಟ್ಟೆ, ಹಾಲು ಕೊಟ್ಟೆ. ಬೆಳಗಿನ ಜಾವ ಬೆವರಿ ಮಲಗಿದಳು.

ಮರುದಿನ ಅಕ್ಕ ಎಣ್ಣೆಯ ಗಿಂಡಿ ಹಿಡಿದು ಬಂದಾಗ ಅಮ್ಮ ಬಾಗಿಲಲ್ಲೇ ತಡೆದರು. "ಇವತ್ತು ತೊಡೆ ಮುಟ್ಟುವುದು ಬೇಡ. ಆ ಗುಳ್ಳೆಗೂ ಎಂತದೂ ಹಚ್ಚಬಾರದಂತೆ" ಎಂದು ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದರು. ಅಕ್ಕ ಗಿಂಡಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಕೆಳಗಿನ ಮನೆಯ ಮಗುವಿಗೆ ಈಗ 20 ದಿನ. ಅದಕ್ಕೂ ಬರ್ತದಾ ಇದು?"

"ಬರಬಹುದು" ಎಂದೆ.

"ಹಾಗಾದ್ರೆ ಈಗಲೇ ಹೇಳಿ ಬರ್ತೇನೆ" ಎಂದು ಕೊಡೆ ಬಿಚ್ಚಿ ಅಂಗಳಕ್ಕೆ ಇಳಿದರು.