ಲೈಬ್ರರಿಯಾಗ ಸಪ್ಪಳಕ್ಕಿಂತ ಬ್ಯಾಗಿನ ಕಾಟ ಜಾಸ್ತಿ

"ನಿಶ್ಶಬ್ದ ಕಾಪಾಡಿ" ಅನ್ನೋ ಬೋರ್ಡ್ ಇಲ್ಲದ ಲೈಬ್ರರಿ ನಾ ನೋಡಿಲ್ಲ. ಆದ್ರ "ಕುರ್ಚಿ ಮ್ಯಾಲ ಬ್ಯಾಗ್ ಇಟ್ಟು ಹೋಗಬ್ಯಾಡ್ರಿ" ಅನ್ನೋ ಬೋರ್ಡ್ ನಮ್ಮ ರಾಯಚೂರಾಗ ನನ್ನ ಕಣ್ಣಿಗಂತೂ ಬಿದ್ದಿಲ್ಲ, ಖರೇ ಬೇಕಾಗಿದ್ದು ಅದು. ನಾ ಹೋಗೋ ಲೈಬ್ರರಿಯಾಗ ಬಾಗ್ಲಾ ತಗದ ಕೂಡ್ಲೇ ಹುಡುಗ್ರು ಬರ್ತಾರ, ಒಂದು ಕುರ್ಚಿಗೆ ಬ್ಯಾಗ್, ಬಾಜೂದ್ರಾಗ ದೋಸ್ತಗ ಅಂತ ನೀರಿನ ಬಾಟ್ಲಿ, ಬಸ್ಸಿನ ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಂಗ ಹಿಡದು ಮಂಡಾಳ ಒಗ್ಗರಣಿ ಮಿರ್ಚಿ ತಿನ್ನಾಕ ಹೋದ್ರಂದ್ರ ತಾಸುಗಟ್ಲೆ ಪತ್ತೇನ ಇರಂಗಿಲ್ಲ.

ಮೊನ್ನೆ ಒಬ್ರು ತಾತ, ಧೋತ್ರ, ತಲಿಗೆ ರುಮಾಲು, ಕುಂದ್ರಾಕ ಜಾಗ ಸಿಗಲಾರ್ದಕ್ಕ ಕಂಬಕ್ಕ ಆನ್ಕೊಂಡು ನಿಂತು ಪೇಪರ್ ಓದ್ತಿದ್ರು. ಅವ್ರಿಗೆ ತುಟಿ ಅಲ್ಲಾಡ್ಸಿ ಗುಣುಗುಣು ಅಂತ ಓದೋ ರೂಢಿ. ಅಲ್ಲೇ ಕುಂತಿದ್ದ ಹುಡುಗ "ಶ್ಶ್!" ಅಂದ, ತಾತನ ಓದಿಗಿಂತ ಇವನ ಶ್ಶ್ ಜೋರಿತ್ತು, ಇಡೀ ಹಾಲ್ ತಲಿ ಎತ್ತಿ ನೋಡ್ತು. ತಾತ ಪೇಪರ್ ಮಡಚಿಟ್ಟು ಹೋಗೇ ಬಿಟ್ರು. ಖಾಲಿ ಕುರ್ಚಿ ಮ್ಯಾಲಿನ ಬ್ಯಾಗುಗಳು ಹಂಗ ಕುಂತಿದ್ವು.

ಹುಡುಗ್ರ ಮ್ಯಾಲ ಸಿಟ್ಟಿಲ್ರಿ ನಂಗ. 2013ರಾಗ ಸಂವಿಧಾನದ 371ಜೆ, ಅಂದ್ರ ಕಲ್ಯಾಣ ಕರ್ನಾಟಕದವ್ರಿಗೆ ನೌಕ್ರ್ಯಾಗ ಮೀಸಲಾತಿ ಕೊಡೋ ಕಲಂ, ಜಾರಿ ಆದ ಮ್ಯಾಲ ನಮ್ಮ ಭಾಗದ ಮಂದಿಗೆ ಸರ್ಕಾರಿ ನೌಕ್ರಿ ಆಸೆ ಹುಟ್ಟೈತಿ, ಹಳ್ಳಿಯಿಂದ ಬಂದು ತಗಡಿನ ರೂಮ್ ಬಾಡಿಗಿ ಹಿಡದು ಪಿಡಿಓ, ಎಫ್‌ಡಿಎ, ಪಿಎಸ್‌ಐ ಅಂತ ಓದ್ತಾರ, ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟೋ ಬಿಸಿಲಾಗ ಆ ರೂಮಿನ್ಯಾಗ ಯಾರು ಕುಂದರ್ತಾರ ಹೇಳ್ರಿ, ಫ್ಯಾನಿನ ಕೆಳಗ ಪುಕ್ಕಟೆ ಕುಂದ್ರಾಕ ಇರೋದು ಇದೊಂದ. ಕುಂದರ್ಲಿ. ಆದ್ರ ಇಲ್ಲದ ಮನಷ್ಯಾಗ ಯಾಕ ಕುರ್ಚಿ? ಮನಿ ಟ್ಯಾಕ್ಸ್ ಕಟ್ಟೋವಾಗ ರಸೀದಿ ನೋಡ್ರಿ, ಅದ್ರ ಮ್ಯಾಲ 6 ಪರ್ಸೆಂಟ್ ಲೈಬ್ರರಿ ಸೆಸ್ ಇರ್ತದ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ತಾತನೂ ಸ್ವಂತ ಮನಿ ಇದ್ರ ಅದನ್ನ ಕಟ್ಯಾರ.

ಎಸ್.ಆರ್. ರಂಗನಾಥನ್ ಅಂತ, ಲೈಬ್ರರಿ ಶಾಸ್ತ್ರದ ದೊಡ್ಡ ಮನುಷ್ಯ, ಮೊದ್ಲು ಗಣಿತದ ಮೇಷ್ಟ್ರು, 1931ರಾಗ ಐದು ಸೂತ್ರ ಬರದ್ರು. ಪುಸ್ತಕ ಇರೋದು ಬಳಸಾಕ, ಪ್ರತಿ ಓದುಗಗೂ ಅವನ ಪುಸ್ತಕ, ಓದುಗನ ಟೈಮ್ ಉಳಸ್ರಿ, ಹಿಂಗ ಹೋಗ್ತಾವ. ಐದರಾಗ ಒಂದರಾಗೂ ಸುಮ್ಕಿರ್ರಿ ಅನ್ನೋ ಮಾತಿಲ್ಲ ಮತ್ತ! ಇವತ್ತು ಬರೀ ಸ್ವಂತ ಗೈಡ್ ಬಿಚ್ಚಿ ಕುಂದ್ರೋರೇ ಹೆಚ್ಚು, ರ‍್ಯಾಕಿನ ಕಾದಂಬರಿ ಮ್ಯಾಲ ಧೂಳು ಕುಂತೈತಿ.

ಸಪ್ಪಳ ಇಲ್ಲ ಅಂತಲ್ಲ. ಫೋನ್ ವೈಬ್ರೇಟ್ ಮೋಡಿಗೆ ಹಾಕಿ ತಗಡಿನ ಟೇಬಲ್ ಮ್ಯಾಲ ಇಡ್ತಾರ, ಯಾರರ ಫೋನ್ ಮಾಡಿದ್ರ ಟೇಬಲ್ಲಿಗೆ ಟೇಬಲ್ಲೇ ಗಿರ್ರ್ ಅಂತ ನಡಗ್ತದ. ಇಯರ್‌ಫೋನ್ ಇಲ್ದ ಆನ್‌ಲೈನ್ ಕ್ಲಾಸ್ ಹಚ್ಚೋರೂ ಅದಾರ, ಅವ್ರಿಗೆ ಮಾತ್ರ ಹೊರಗ ಕಳಸ್ಬೇಕು, ದಯೆ ದಾಕ್ಷಿಣ್ಯ ಏನೂ ಬ್ಯಾಡ. ಸಣ್ಣ ಹುಡುಗ್ರು ಚಿತ್ರದ ಪುಸ್ತಕ ಅಕ್ಷರ ಕೂಡಿಸ್ಕೊಂಡು ಓದೋದು, ತಾತಗೋಳ ಗುಣುಗುಣು, ಇವು ನಡೀತಾವ ಬಿಡ್ರಿ.

ಎಲ್ಲಾಕ್ಕಿಂತ ಕೆಟ್ಟ ಸಪ್ಪಳ ಅಂದ್ರ ಕುರ್ಚಿದು. ಪರಸಿ ನೆಲ, ಕಬ್ಬಿಣದ ಕುರ್ಚಿ, ಕಾಲಿನ ಬುಚ್ ಉದುರಿ ಹೋಗ್ಯಾವ, ಒಬ್ರು ಎದ್ರಂದ್ರ ಕಿರ್ರ್ ಅಂತ ಹಲ್ಲು ಜುಮ್ ಅಂತದ. ಸೈಕಲ್ ಅಂಗಡ್ಯಾಗ ಹಳೆ ಟ್ಯೂಬ್ ಪುಕ್ಕಟೆ ಸಿಗ್ತಾವ, ಕತ್ತರಿಸಿ ಕಾಲಿಗೆ ಕಟ್ಟಿದ್ರ ಮುಗೀತು, ನಾನೇ ತಂದು ಕಟ್ಟಿ ಕೊಡ್ತೀನ್ರಿ ಅಂತ ಅಲ್ಲಿನ ಸಿಬ್ಬಂದಿಗೆ ಕೇಳ್ದೆ. "ಸರ್, ಕುರ್ಚಿ ಸ್ಟಾಕ್ ರಿಜಿಸ್ಟರ್‌ದಾಗ ಅದಾವ, ಕೈ ಹಚ್ಚಬೇಕಂದ್ರ ಮ್ಯಾಲಿಂದ ಪರ್ಮಿಷನ್ ಬೇಕು, ಒಂದು ಅರ್ಜಿ ಕೊಡ್ರಿ" ಅಂದ್ರು. ಅರ್ಜಿ ಬರ್ಯಾಕ ಕುರ್ಚಿ ಹುಡುಕಿದ್ರ ಎಲ್ಲಾದ್ರ ಮ್ಯಾಲೂ ಬ್ಯಾಗ್. ನಿಂತೇ ಬರದು ಕೊಟ್ಟು ಬಂದೀನಿ.