ಗೌಡರ ಮನೆಯ ಸಕ್ಕರೆ ಲೆಕ್ಕ

ಅಕ್ಕನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಭಾನುವಾರ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತಾ, "ಮಾಮಾ, ಅಮೆರಿಕಾದವ್ರು ಸಂವಿಧಾನ ಬರಿಯೂ ಮುಂದ ಒಬ್ಬ ಗುಲಾಮನ್ನ ಐದರಾಗ ಮೂರು ಪಾಲು ಅಷ್ಟ ಎಣಿಸ್ಯಾರ, ಎಂಥಾ ಮಂದಿ ನೋಡ್ರಿ" ಅಂದ. ನನಗೂ ಮೊದಲು ಹಾಗೇ ಅನ್ನಿಸಿತ್ತು, ಪೂರ್ತಿ ಎಣಿಸಿದ್ದರೆ ನ್ಯಾಯ ಆಗುತ್ತಿತ್ತು ಅಂತ. ಇಲ್ಲ, ಉಲ್ಟಾ.

1787ರಲ್ಲಿ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಕೂತವರು ಕೆಳಮನೆಯ ಸೀಟುಗಳನ್ನು ಜನಸಂಖ್ಯೆ ನೋಡಿ ಹಂಚೋಣ ಅಂದರು. ಗುಲಾಮರನ್ನೂ ಪೂರ್ತಿ ಎಣಿಸಿ ಅಂತ ಹಟ ಹಿಡಿದವರು ಯಾರು? ದಕ್ಷಿಣದ ರಾಜ್ಯಗಳ ಗುಲಾಮ ಮಾಲೀಕರು. ಗುಲಾಮನಿಗೆ ಓಟು ಇಲ್ಲ, ಅವನ ತಲೆ ಎಣಿಸಿದಷ್ಟೂ ಮಾಲೀಕನ ಕೈಗೆ ಸೀಟು ಜಾಸ್ತಿ, ಅಷ್ಟೇ. ಎಣಿಸಲೇಬೇಡಿ ಅಂದವರು ಉತ್ತರದವರು. ಇನ್ನೂ ಮಜಾ ಅಂದರೆ, 1783ರಲ್ಲಿ ತಲೆ ಎಣಿಸಿ ತೆರಿಗೆ ಹಂಚೋಣ ಅಂದಾಗ ಇದೇ ದಕ್ಷಿಣದವರು ಗುಲಾಮರನ್ನು ಆದಷ್ಟು ಕಡಿಮೆ ಹಿಡಿಯಿರಿ ಅಂತಿದ್ದರು. ಐದರಲ್ಲಿ ಮೂರು ಅನ್ನೋ ಚೌಕಾಶಿ ಹುಟ್ಟಿದ್ದೇ ಆ ತೆರಿಗೆ ಜಗಳದಲ್ಲಿ.

ಇದನ್ನು ಓದಿದಾಗ ನನಗೆ ಅಜ್ಜಿ ನೆನಪಾದಳು. ಹಾವೇರಿ ಕಡೆಯ ಅವಳ ಊರಲ್ಲಿ ಒಬ್ಬ ಗೌಡರಿದ್ದರಂತೆ, ಮನೆಯಲ್ಲಿ ಮೂವರು ಜೀತದಾಳು. ಜಾತ್ರೆಗೆ ತಲೆಗೆ ಇಷ್ಟು ಅಂತ ಪಟ್ಟಿ ಹಾಕಿದರೆ "ಅವ್ರೇನು ನಮ್ಮ ಮನಿಯವರೇನೋ?" ಅನ್ನುವರು. ರೇಷನ್ ಸಕ್ಕರೆ ಬಂದಾಗ ಮಾತ್ರ ಆ ಮೂವರೂ ಮನೆಯವರೇ! ಸಕ್ಕರೆ ಗೌಡರ ಡಬ್ಬಿಗೆ, ಆಳುಗಳಿಗೆ ಅದೇ ಬೆಲ್ಲದ ಚಹಾ, ಅದೂ ಹೊರಗಿನ ಕಟ್ಟೆಯ ಮೇಲೆ.

ಫಿಲಡೆಲ್ಫಿಯಾದಲ್ಲೂ ಒಬ್ಬ ಬಾಯಿಬಿಟ್ಟು ಕೇಳಿದ, ಗವರ್ನರ್ ಮಾರಿಸ್ ಅಂತ (ಗವರ್ನರ್ ಅನ್ನೋದು ಹುದ್ದೆಯಲ್ಲ, ಹೆಸರೇ ಹಾಗೆ). ಗುಲಾಮರು ಮನುಷ್ಯರಾದರೆ ಓಟು ಕೊಡಿ, ಆಸ್ತಿಯಾದರೆ ಬೇರೆ ಆಸ್ತಿಯನ್ನೇಕೆ ಎಣಿಸುತ್ತಿಲ್ಲ ಅನ್ನೋದು ಅವನ ವಾದ. ಅವನ ಮಾತು ನಡೆಯಲಿಲ್ಲ, ಐದರಲ್ಲಿ ಮೂರರ ಲೆಕ್ಕವೇ ಪಾಸಾಯಿತು. ಬರೆಯುವಾಗ ನಾಚಿಕೆ ಆಯಿತೋ ಏನೋ, ಗುಲಾಮ ಅನ್ನೋ ಪದವನ್ನೇ ಎಲ್ಲೂ ಹಾಕದೆ 'ಇತರ ವ್ಯಕ್ತಿಗಳು' ಅಂದುಬಿಟ್ಟರು.

ಸುಮ್ನೆ ಕಾಗದದ ಮಾತಲ್ಲ ಇದು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಓಟೂ ಈ ಸೀಟುಗಳ ಮೇಲೇ ನಿಂತಿತ್ತು. 1800ರ ಚುನಾವಣೆಯಲ್ಲಿ ಜೆಫರ್‌ಸನ್‌ಗೆ 73, ಆಡಮ್ಸ್‌ಗೆ 65. ಗುಲಾಮರ ಲೆಕ್ಕ ತೆಗೆದರೆ ಆಡಮ್ಸ್ ಗೆಲ್ಲುತ್ತಿದ್ದರು ಅಂತ ಎಷ್ಟೋ ಇತಿಹಾಸಕಾರರು ಹೇಳುತ್ತಾರೆ. ಮೊದಲ ಐದು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದವರು, ನಾಲ್ವರೂ ಗುಲಾಮರನ್ನು ಇಟ್ಟುಕೊಂಡವರು.

"ಆಮೇಲೆ ಸರಿ ಆತಲ್ಲ ಮಾಮಾ?" ಅಂದ ಹುಡುಗ. 1865ರಲ್ಲಿ ಗುಲಾಮಗಿರಿ ಹೋಯಿತು, 1868ರ ತಿದ್ದುಪಡಿಯಿಂದ ಗುಲಾಮರಾಗಿದ್ದವರೂ ಪೂರ್ತಿ ಎಣಿಕೆಗೆ ಬಂದರು. 1870ರಲ್ಲಿ ಕಪ್ಪು ಗಂಡಸರಿಗೆ ಓಟೂ ಬಂತು. ಆದರೆ ಆ ಶತಮಾನ ಮುಗಿಯುವ ಹೊತ್ತಿಗೆ ದಕ್ಷಿಣದ ರಾಜ್ಯಗಳು ಓದು ಬರಹದ ಪರೀಕ್ಷೆ, ಓಟಿನ ತೆರಿಗೆ ಅಂತ ಏನೇನೋ ನೆಪ ಹೂಡಿ ಅವರನ್ನು ಮತಗಟ್ಟೆಯಿಂದ ದೂರ ಇಟ್ಟವು. 1965ರ ಮತದಾನ ಹಕ್ಕಿನ ಕಾನೂನು ಬರುವವರೆಗೂ ಹೆಚ್ಚುಕಡಿಮೆ ಹಾಗೇ ನಡೆಯಿತು. ಅಷ್ಟೂ ವರ್ಷ ಸಕ್ಕರೆ ಗೌಡರ ಡಬ್ಬಿಗೇ, ಅದೂ ಐದಕ್ಕೆ ಐದು ಪಾಲು.